ಅಪ್ಪನ ಕಲ್ಲು

ಸುಪ್ರಿಯಾ ಕಲ್ಲನ್ನು ನೆಕ್ಕಿಬಿಟ್ಟಿದ್ದಳು.

ತಾನು ಮಾಡಿದ್ದೇನೆಂದು ಅವಳಿಗೆ ತಿಳಿದದ್ದು ನೆಕ್ಕಿದ ಮೇಲೆಯೇ. ಧಾರೇಶ್ವರದ ಕಡಲ ದಂಡೆಯಲ್ಲಿ, ಬಾಳೆ ಎಲೆಯ ಮೇಲಿದ್ದ ಅದು ಬರೀ ಕಲ್ಲಾಗಿರಲಿಲ್ಲ. ಅಪ್ಪನ ಚಿತೆ ಆರಿದ ಮೇಲೆ ಅಣ್ಣ ವಿನೋದ ಹೊಳೆಯಂಚಿನಿಂದ ಆರಿಸಿ ತಂದದ್ದು. ವಿಘ್ನೇಶ್ವರ ಭಟ್ಟರು ಮಂತ್ರ ಹೇಳಿ ಅದರೊಳಗೆ ಅಪ್ಪನನ್ನು ಕರೆದಿದ್ದರು. ಅಂದಿನಿಂದ ಎಳ್ಳುನೀರು, ಪಿಂಡ ಎಲ್ಲ ಅದಕ್ಕೇ. ಇವತ್ತು ಹತ್ತನೆಯ ದಿನ. ಕಡಲಿಗೆ ಬಿಟ್ಟರೆ ಮುಗಿಯಿತು.

"ಏ, ಎಂತ ಮಾಡ್ದೆ ನೀನು?" ವಿನೋದ ಕೂಗಿದ. ಬೋಳಿಸಿದ ಅವನ ತಲೆ ಬಿಸಿಲಿಗೆ ಮಿನುಗುತ್ತಿತ್ತು. "ಅಪ್ಪನ್ನ ನೆಕ್ತ್ಯಾ? ತಲೆ ಸಮ ಅದ್ಯಾ ನಿಂಗೆ?"

"ರೂಢಿ ಅಣ್ಣಾ... ಗೊತ್ತಿಲ್ದೆ ಆಗೋತು."

ಸುಳ್ಳಲ್ಲ. ಗಾಳಿಗೆ ಎಲೆ ಮಗುಚಿ ಕಲ್ಲು ಉರುಳಿದಾಗ ಅವಳು ಥಟ್ಟನೆ ಎತ್ತಿಕೊಂಡು ಮರಳು ಒರೆಸಿದ್ದಳು. ಆಮೇಲೆ ಕೈ ತಾನಾಗಿಯೇ ಬಾಯಿಗೆ ಹೋಗಿತ್ತು. ಭೂವಿಜ್ಞಾನ ಓದಿದವರ ಕೆಟ್ಟ ಚಾಳಿ ಇದು. ಒಣಗಿದ ಕಲ್ಲು ಬಾಯಿ ಬಿಡುವುದಿಲ್ಲ. ಒದ್ದೆಯಾದರೆ ಹರಳು, ಪದರ, ಗೆರೆ ಎಲ್ಲ ಎದ್ದು ಕಾಣುತ್ತವೆ. ಗುಡ್ಡದ ಮೇಲೆ ನೀರು ಹುಡುಕುತ್ತ ಹೋಗುವವರು ಯಾರು? ನಾಲಿಗೆ ಇದೆಯಲ್ಲ.

ಅಪ್ಪ ಮುರ್ಡೇಶ್ವರದ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಮಗಳು ಫೋನು ಮಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಇವತ್ತು ಕಲ್ಲು ಎಂತ ಹೇಳ್ತು?" ಅವಳದೂ ಒಂದೇ ಉತ್ತರ: "ಫೋನಲ್ಲಿ ಹೇಳೂಕಾಗೂದಿಲ್ಲ ಅಪ್ಪಾ, ಬಂದಾಗ ತೋರಿಸ್ತೆ." ಬಂದಾಗಲೆಲ್ಲ ಊಟ, ನೆಂಟರು, ನಿದ್ದೆ. ತೋರಿಸಲೇ ಇಲ್ಲ. ಕೊನೆಗೆ ರಾಜಸ್ಥಾನದ ಬೆಟ್ಟದಲ್ಲಿದ್ದವಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅಪ್ಪನ ಮುಖವೂ ಸಿಗಲಿಲ್ಲ. ಈ ಕಲ್ಲೊಂದು ಉಳಿದಿತ್ತು, ಅದನ್ನೂ ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ.

"ಕೊಡಿಲ್ಲಿ," ವಿನೋದ ಕೈ ಚಾಚಿದ. ಸುಪ್ರಿಯಾಳ ಬೆರಳು ಸಡಿಲವಾಗಲಿಲ್ಲ. ಅವಳಿಗೆ ಅಳು ಉಕ್ಕಿ ಬಂತು.

"ತಡಿಯಾ," ಎಂದಳು ಅಮ್ಮ ಗಣಪಿ. ಇಷ್ಟು ದಿನಗಳಲ್ಲಿ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು. "ಅವ್ರು ಕೇಳಿ ಕೇಳಿ ಹೋದ್ರು. ಹೇಳು ಮಗಾ, ಎಂತ ಹೇಳ್ತದೆ ಅದು?"

ಭಟ್ಟರು ಕೆಮ್ಮಿ, ಕಡಲಿನತ್ತ ಮುಖ ತಿರುಗಿಸಿ ನಿಂತರು.

ಸುಪ್ರಿಯಾ ಕೊರಳಲ್ಲಿದ್ದ ಭೂತಗನ್ನಡಿಯನ್ನು ಕಣ್ಣಿಗಿಟ್ಟಳು. ಅವಳು ಹೇಳಿದ್ದು ಅಮ್ಮನಿಗಲ್ಲ.

"ಅಪ್ಪಾ, ಈ ಕೆಂಪು ಹರಳು ನೋಡು. ಸುತ್ತ ಮಿಂಚೂದು ಕಾಗೆಬಂಗಾರ. ಅದ್ರ ಪದರ ನೆಟ್ಟಗೆ ಬಂದು, ಹರಳಿನ ಹತ್ರ ಬಾಗಿ, ಬಳಸಿ ಹೋಗ್ತದೆ. ಅಂದ್ರೆ ಹರಳು ಮೊದ್ಲೇ ಇತ್ತು. ಒತ್ತಡ ಬಂದದ್ದು ಆಮೇಲೆ. ಬಾಕಿ ಎಲ್ಲ ಬಗ್ತು, ಇದು ಬಗ್ಲಿಲ್ಲ."

"ಈ ಬೆಳ್ಳಗಿರೂದು ಎಂತದು?" ಅಮ್ಮ ಬಗ್ಗಿ ನೋಡಿದಳು.

"ಬೆಣಚು. ಒತ್ತಡ ಎಲ್ಲ ಹರಳೇ ತಡ್ಕಂಡ್ತು. ಅದ್ರ ಮರೇಲಿ ಚೂರು ಜಾಗ ಉಳೀತು. ಅಲ್ಲಿ ಇದು ಬೆಳೀತು. ಆಚೆ ಒಂದು, ಈಚೆ ಒಂದು."

ವಿನೋದ ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ಏನಾದರೂ ಕಂಡಿತೋ, ಕಣ್ಣು ತುಂಬಿ ಮಂಜಾಯಿತೋ.

"ಮತ್ತೆಂತಾದ್ರೂ ಅದ್ಯಾ?" ಎಂದು ಕೇಳಿದ. "ಇದ್ರೆ ಹೇಳು. ಗಡಿಬಿಡಿ ಎಂತ ಇಲ್ಲ."

"ಇಲ್ಲ ಅಣ್ಣಾ. ಆತು." ಸುಪ್ರಿಯಾ ಕಲ್ಲನ್ನು ಅವನ ಕೈಗಿಟ್ಟಳು.

ಅವನು ಸೊಂಟದ ತನಕ ನೀರಿಗಿಳಿದು, ಕಡಲಿಗೆ ಬೆನ್ನು ಮಾಡಿ, ಕಲ್ಲನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ತೆರೆಗಳ ಸದ್ದಿನಲ್ಲಿ ಅದು ಬಿದ್ದದ್ದು ಕೇಳಿಸಲಿಲ್ಲ. ತಿರುಗಿ ನೋಡಬಾರದೆಂದು ಭಟ್ಟರು ಮೊದಲೇ ಹೇಳಿದ್ದರು. ತಾಯಿ, ಮಕ್ಕಳು ಮೂವರೂ ಮರಳಿನಲ್ಲಿ ರಸ್ತೆಯತ್ತ ನಡೆದರು.

"ತಗಾ, ಬಾಯಿ ತೊಳ್ಕ," ವಿನೋದ ಮೆತ್ತಗೆ ಹೇಳಿ ನೀರಿನ ಬಾಟಲಿ ಕೊಟ್ಟ.

ನಾಲಿಗೆಯ ಮೇಲೆ ಎಳ್ಳಿನ ಕಹಿ ಇನ್ನೂ ಇತ್ತು. ಸುಪ್ರಿಯಾ ಬಾಟಲಿ ಹಿಡಿದುಕೊಂಡಳು. ರಸ್ತೆ ಸೇರುವ ತನಕವೂ ಅದರ ಮುಚ್ಚಳ ತೆಗೆಯಲಿಲ್ಲ.