ಉತ್ತರಕ್ಕೆ ಬಿಟ್ಟ ಜಾಗ

ಮುಚ್ಚಳ ಎತ್ತಿ ಹಿಡಿದಿದ್ದ ಇಬ್ಬರನ್ನು "ಒಂದ್ನಿಮಿಷ ನಿಲ್ಲಿ" ಎಂದು ತಡೆದು ಮಿತ್ಸುಯೊ ಶವಪೆಟ್ಟಿಗೆಯೊಳಗೆ ಕೈ ಹಾಕಿದಳು. ಗಂಡನ ಎದೆಯ ಮೇಲಿನ ಸೇವಂತಿಗೆ ಸರಿಮಾಡುವವಳಂತೆ ಬೆರಳಾಡಿಸಿ, ಹೂವಿನಡಿ ಸಿಕ್ಕ ದಪ್ಪ ಲಕೋಟೆಯನ್ನು ಕಪ್ಪು ಕಿಮೊನೊದ ತೋಳಿನೊಳಗೆ ಇಳಿಸಿಕೊಂಡಳು. ಅದನ್ನು ಅಲ್ಲಿಟ್ಟವಳು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಐವತ್ತರ ಆಸುಪಾಸಿನ, ಮನೆಯವರಿಗ್ಯಾರಿಗೂ ಗುರುತಿಲ್ಲದ ಹೆಂಗಸು. ನಿನ್ನೆ ದರ್ಶನಕ್ಕೂ ಬಂದು, ಹೆಂಡತಿಗಿಂತ ಹೆಚ್ಚು ಅತ್ತು ಹೋಗಿದ್ದಳು.

"ನಾನೂ ನೋಡ್ದೆ ಕಣೇ," ಸತ್ತವನ ಅಕ್ಕ ತೊಕಿಕೊ ಕಿವಿಯಲ್ಲಿ ಉಸುರಿದಳು. "ಪ್ರೇಮಪತ್ರವೇ ಇರಬೇಕು. ಅಲ್ಲಾ, ನಮ್ಮ ಮೂಕನಿಗೆ!"

"ಮೂಕ ಅನ್ನೋದು ನಮ್ಮ ಲೆಕ್ಕ ಅಕ್ಕಾ. ಇವಳ ಲೆಕ್ಕ ಬೇರೆ ಇರಬಹುದು."

ಮುಚ್ಚಳ ಬಿತ್ತು.

*

ಅವಳ ಗಂಡ ಯಾಸುಹಿಕೊ ಒಸಾಕಾದ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿ ಮೂವತ್ತು ವರ್ಷ ಸಂಭಾಷಣೆ ಬರೆದವನು. ಆಟದೊಳಗಿನ ರಾಜ, ಅಂಗಡಿಯವನು, ದೋಣಿಯವನು, ಕೊನೆಗೆ ಬೆಕ್ಕಿಗೂ ಮಾತು ಕೊಟ್ಟ ಪುಣ್ಯಾತ್ಮ, ಕಥಾನಾಯಕನಿಗೆ ಮಾತ್ರ ಒಂದಕ್ಷರ ಕೊಡಲಿಲ್ಲ. ಬಾಯಿ ಬಿಟ್ಟರೆ ನಗೆಚಟಾಕಿ ಉದುರುವ ಈ ಒಸಾಕಾದಲ್ಲಿ ಹುಟ್ಟಿಯೂ ಅವನು ಆ ನಾಯಕನ ಹಾಗೇ ಇದ್ದ.

"ನಿಮ್ಮ ವೀರ ಯಾಕ್ರೀ ಮಾತಾಡಲ್ಲ?" ಎಂದು ಮಿತ್ಸುಯೊ ಒಮ್ಮೆ ಕೇಳಿದ್ದಳು.

"ಅವನು ಮಾತಾಡಿದ್ರೆ ಆಡೋ ಮಕ್ಕಳಿಗೆ ಒಳಗೆ ಜಾಗ ಇರಲ್ಲ," ಎಂದಿದ್ದ. ಅವಳು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು.

ಪ್ರತಿ ಸಂಜೆ ಅವನು ಬಾಗಿಲಲ್ಲಿ ಬೂಟು ಬಿಚ್ಚುವಾಗ ಅವಳು ಕೇಳುತ್ತಿದ್ದಳು: "ಬಂದಿರಾ? ಹೊರಗೆ ಚಳಿ ಇತ್ತಾ?" ಅವನು ಅವಳ ಮುಖ ನೋಡಿ, ಏನೋ ಹೇಳುವವನಂತೆ ನಿಂತು, "ಹೂಂ" ಎಂದು ಒಳಗೆ ಹೋಗುತ್ತಿದ್ದ. ಸ್ವಭಾವವೇ ಹಾಗೆ ಎಂದು ಅವಳು ಒಪ್ಪಿಕೊಂಡುಬಿಟ್ಟಿದ್ದಳು. ಒಪ್ಪಿಕೊಳ್ಳುವುದೂ ಸುಲಭವೇ, ಎಲ್ಲರಿಗೂ ಹಾಗೇ ಇದ್ದಾನೆ ಅಂದುಕೊಂಡಿರುವವರೆಗೆ.

ನಿವೃತ್ತನಾದ ಮೇಲೆ ಗುರುವಾರ ಗುರುವಾರ ಎಲ್ಲಿಗೋ ಹೋಗತೊಡಗಿದ. ನಿಲ್ದಾಣದ ಹತ್ತಿರದ ಕಾಫಿ ಅಂಗಡಿಯಲ್ಲಿ ಯಾವಳೋ ಹೆಂಗಸಿನ ಎದುರು ಕೂತಿದ್ದನ್ನು ಪಕ್ಕದ ಮನೆಯಾಕೆ ನೋಡಿ ಬಂದು ಹೇಳಿದಳು. "ಮಾತಾಡ್ತಿದ್ರು ಕಣ್ರೀ! ಒಂದೇ ಸಮ!" ಕೂತದ್ದಕ್ಕಲ್ಲ, ಆ ಮಾತಿಗೆ ಮಿತ್ಸುಯೊಳ ಹೊಟ್ಟೆ ಉರಿಯಿತು. ಆದರೂ ಕೇಳಲಿಲ್ಲ. ಕೇಳಿದರೆ ತನಗೆ ಸಿಗುವುದು ಮತ್ತೊಂದು "ಹೂಂ" ಎಂದು ಗೊತ್ತಿತ್ತು.

*

ಚಿತಾಗಾರದಲ್ಲಿ ಒಂದೂವರೆ ಗಂಟೆ ಕಾಯಬೇಕಿತ್ತು. "ತಮ್ಮ ಒಳಗೆ ಬೇಯ್ತಿದಾನೆ, ನನಗೆ ಹಸಿವು. ಏನ್ ಜನ್ಮವೋ!" ಎನ್ನುತ್ತ ತೊಕಿಕೊ ಎರಡನೆಯ ಅನ್ನದುಂಡೆಗೆ ಕೈ ಹಾಕಿದಳು. ಮಿತ್ಸುಯೊ ಕಿಟಕಿಯ ಬಳಿ ಕೂತು ಲಕೋಟೆ ಬಿಚ್ಚಿದಳು.

ಹಾಳೆಯ ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು. ಎಡಗಡೆಯವು ಅವಳದೇ ಮಾತುಗಳು! "ಮೂಲಂಗಿ ಗಟ್ಟಿ ಉಳೀತು ನೋಡಿ." "ಕೇಳಿಸ್ತಾ, ಇಲ್ಲ ಗೋಡೆಗೆ ಹೇಳ್ತಿದೀನಾ?" ಬಲಗಡೆ ಗಂಡನ ಅಕ್ಷರದಲ್ಲಿ ಉತ್ತರಗಳು, ಒಂದೊಂದರ ಮೇಲೂ ಕೆಂಪು ಗೀರು. ಮೊದಲನೆಯದನ್ನು ಓದಿದಳು.

ಬಂದಿರಾ? ಹೊರಗೆ ಚಳಿ ಇತ್ತಾ?

ಇತ್ತು. ಇಲ್ಲಿ ಇಲ್ಲ.

ಅವಳು ಎದ್ದು, ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಆ ಹೆಂಗಸಿನ ಮುಂದೆ ನೇರ ಹೋಗಿ ನಿಂತಳು. "ಇದು ನನ್ನ ಅಡುಗೆಮನೆ ಮಾತು. ನಿಮ್ಮ ಕೈಗೆ ಹೇಗೆ ಬಂತು?"

ಹೆಂಗಸು ಹಾಳೆ ನೋಡಿ ಬಿಳಿಚಿಕೊಂಡಳು. ಹೆಸರು ನಿಶಿವಾಕಿ ರಿಯೆ, ಯಾಸುಹಿಕೊ ಇದ್ದ ಕಂಪನಿಯವಳೇ ಎಂದಳು. "ಅದನ್ನ ಸುಡಬೇಕಿತ್ತಮ್ಮಾ. ನಾಯಕನ ಉತ್ತರ ಯಾರ ಕಣ್ಣಿಗೂ ಬೀಳಬಾರದು ಅಂತ ಅವರೇ ಹೇಳಿದ್ರು."

"ನಾಯಕ ಮಾತೇ ಆಡಲ್ವಲ್ಲ?"

"ಮೊದಲು ಎಲ್ಲ ಬರೀತಿದ್ರು, ಆಮೇಲೆ ಹೊಡೆದು ಹಾಕ್ತಿದ್ರು. ಉತ್ತರ ಗೊತ್ತಿಲ್ದೆ ಬಿಟ್ಟರೆ ಬರೀ ತೂತು, ಗೊತ್ತಿದ್ದು ಬಿಟ್ಟರೆ ಅಲ್ಲೊಬ್ಬ ಮನುಷ್ಯ ಕೂರಬಹುದು ಅಂತಿದ್ರು. ಆಟದಲ್ಲಿ ಬೆಟ್ಟದ ಮನೆ ಹೆಂಗಸು ಒಬ್ಬಳು ಇದಾಳೆ. ನಾಯಕ ಬಂದಾಗೆಲ್ಲ ಚಳಿ ಇತ್ತಾ ಅಂತ ಕೇಳ್ತಾಳೆ. ಗುಂಡಿ ಒತ್ತೋವರೆಗೂ ಪರದೆ ಕಾಯುತ್ತೆ. ಆಡೋ ಮಕ್ಕಳು ಬಾಯಿಬಿಟ್ಟು ಅವಳಿಗೆ ಉತ್ತರ ಹೇಳ್ತಿದ್ರಂತೆ. ಎಷ್ಟು ಪತ್ರ ಬಂದಿತ್ತು!"

"ಊರ ಮಕ್ಕಳೆಲ್ಲ ನನಗೆ ಉತ್ತರ ಕೊಟ್ಟರು ಅನ್ನಿ. ಇವರೊಬ್ಬರನ್ನ ಬಿಟ್ಟು."

ರಿಯೆ ಹಾಳೆಯ ಎಡಸಾಲು ತೋರಿಸಿದಳು. "ಬರೆದಿದ್ದು ಕಿವಿಗೆ ಹೇಗೆ ಕೇಳುತ್ತೆ ಅಂತ ನೋಡೋಕೆ ನಾನು ಆ ಹೆಂಗಸಿನ ಮಾತು ಓದ್ತಿದ್ದೆ, ಅವರು ನಾಯಕನದು. ಅಷ್ಟೇ."

"ಅದು ಕಂಪನಿಯಲ್ಲಿ. ಗುರುವಾರ?"

"ಮನೇಲಿ ಹೇಳಬೇಕು ಅಂತ ಅಭ್ಯಾಸ ಮಾಡ್ತಿದ್ರು. ಬಾಗಿಲಿಗೆ ಬರ್ತಿದ್ದ ಹಾಗೆ ಗಂಟಲು ಕಟ್ಟಿಬಿಡುತ್ತೆ ಅಂತಿದ್ರು."

"ಎಷ್ಟು ದಿನ ಅಭ್ಯಾಸ?"

"ಏಳು ವರ್ಷ."

"ಏಳು ವರ್ಷ! ನಂಬು ಅಂತೀರಾ ಇದನ್ನ?"

ಮಿತ್ಸುಯೊ ರಿಯೆಯ ಕಣ್ಣು, ಬೆರಳು, ಕೊರಳಿನ ಮುತ್ತಿನ ಸರ ಎಲ್ಲವನ್ನೂ ಸುಳ್ಳಿಗಾಗಿ ಹುಡುಕಿದಳು. ಸುಳ್ಳಾದರೆ ಗಂಡ ಇವಳ ಪಾಲಿಗೆ ಹೋದ. ನಿಜವಾದರೆ? ನಿಜವಾದರೆ ತನ್ನ ಪ್ರಶ್ನೆಯೂ ಹೋಯಿತು, ಉತ್ತರವೂ ಹೋಯಿತು, ಎರಡೂ ಇವಳ ಕಿವಿಗೆ.

"ಕೇಳಿದ್ದು ನಾನು," ಎಂದಳು. "ಅವರು ಹೇಳಿದ್ದು ನಿನಗೆ."

*

ಎಲ್ಲರ ಕೈಗೂ ಉದ್ದದ ಚಾಪ್‌ಸ್ಟಿಕ್ ಕೊಟ್ಟರು. ಇಬ್ಬಿಬ್ಬರು ಸೇರಿ ಬೂದಿಯಿಂದ ಒಂದೊಂದು ಮೂಳೆ ಎತ್ತಿ, ಕಾಲಿನಿಂದ ಆರಂಭಿಸಿ ಭರಣಿಗೆ ಹಾಕುತ್ತ ಬಂದರು. ಕೊನೆಗೆ ಉಳಿದದ್ದು ಕೊರಳಿನ ಮೂಳೆ, ಧ್ಯಾನಕ್ಕೆ ಕೂತ ಬುದ್ಧನ ಹಾಗಿರುತ್ತದೆಂದು ಎಲ್ಲರೂ ಗಂಟಲ ಬುದ್ಧ ಎನ್ನುವುದು. ಅದಕ್ಕೆ ಬೇರೆಯೇ ಪುಟ್ಟ ಭರಣಿ.

"ಇಷ್ಟು ಪೂರ್ತಿಯಾಗಿ ಉಳಿಯೋದು ಅಪರೂಪ," ಎಂದ ಅಲ್ಲಿನ ನೌಕರ.

"ಬಳಸಿದ್ರೆ ತಾನೇ ಸವೆಯೋದು," ಎಂದಳು ತೊಕಿಕೊ. ಯಾರೋ ನಕ್ಕರು.

"ಇದನ್ನ ತೀರಾ ಹತ್ತಿರದವರಿಬ್ಬರು ಎತ್ತಬೇಕು."

ತೊಕಿಕೊ ಮುಂದೆ ಬಂದಳು. ಮಿತ್ಸುಯೊ ಅವಳ ತೋಳು ಹಿಡಿದು ನಿಲ್ಲಿಸಿ ಬಾಗಿಲ ಬಳಿ ನಿಂತಿದ್ದ ರಿಯೆಯ ಕಡೆ ತಿರುಗಿದಳು. "ನೀನು ಬಾ. ಈ ಗಂಟಲು ಮಾತಾಡಿದ್ದನ್ನ ಕೇಳಿದವಳು ನೀನು."

"ಏ, ತಲೆ ಕೆಟ್ಟಿದೆಯಾ ನಿನಗೆ?" ತೊಕಿಕೊ ಗದರಿದಳು.

ರಿಯೆ ಬಂದು ಎದುರು ನಿಂತಳು. ಎರಡು ಜೊತೆ ಕಡ್ಡಿಗಳು ಆ ಕಡೆ ಈ ಕಡೆಯಿಂದ ಮೂಳೆಯನ್ನು ಹಿಡಿದವು. ಎತ್ತಿ ಭರಣಿಯ ಬಾಯಿಯ ಮೇಲೆ ತಂದಾಗ ಮಿತ್ಸುಯೊ ಕೈ ನಿಲ್ಲಿಸಿದಳು. ರಿಯೆಯೂ ನಿಲ್ಲಿಸಲೇಬೇಕಾಯಿತು.

"ಬಂದಿರಾ?" ಎಂದಳು ಮಿತ್ಸುಯೊ. "ಹೊರಗೆ ಚಳಿ ಇತ್ತಾ?"

ಬಾಯಿಪಾಠವಾಗಿದ್ದ ಉತ್ತರಕ್ಕೆ ರಿಯೆಯ ತುಟಿ ತೆರೆಯಿತು.

"ನೀನಲ್ಲ," ಎಂದಳು ಮಿತ್ಸುಯೊ, ಅವಳ ಕಡೆ ನೋಡದೆ.

ನೌಕರ ಮುಚ್ಚಳ ಹಿಡಿದು ಕಾಯುತ್ತಿದ್ದ. ನಾಲ್ಕು ಕಡ್ಡಿಗಳ ನಡುವೆ ಮೂಳೆ ಭರಣಿಯ ಮೇಲೆ ಹಾಗೇ ನಿಂತಿತ್ತು, ಅವಳಾಗಿ ಕೈ ಸಡಿಲಿಸುವವರೆಗೂ.