ಸರದಿ ಹಿಡಿದ ಬಾಣಲೆ

“ಈ ಬಾಣಲೆ ಯಾರದ್ದು?” ಎಂದು ಕೇಳಿದರು ಡಾರ್ಲೀನ್ ಮೇಡಂ, ಮಫ್ಲರಿನ ಒಳಗಿನಿಂದ.

ಉಗಾಂಡದಿಂದ ಓದಲು ಬಂದಿದ್ದ ಪ್ರೋಸಿ ತಿರುಗಿ ನೋಡಿದಳು. ವಿದ್ಯಾರ್ಥಿವೇತನ ಕಚೇರಿಯ ಮೇಡಂ ಬೆಳಗಿನ ಏಳೂವರೆಗೇ ತಪಾಸಣೆಗೆ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. ಕೆನಡಾದ ಸಾಸ್ಕಟೂನಿನ ಮೈನಸ್ ಮೂವತ್ತರ ಚಳಿಯಲ್ಲಿ, ಬಾಗಿಲು ತೆರೆಯದ ಕ್ಲಿನಿಕ್ಕಿನ ಮುಂದೆ, ಹಿಮದ ಮೇಲೆ ಸಾಲುಗಟ್ಟಿದ್ದವು: ಹಾಕಿ ಹೆಲ್ಮೆಟ್ಟು, ಒಂಟಿ ಬೂಟು, ಬಾಣಲೆ, ಹೀಗೇ ಇನ್ನೂ ಏಳೆಂಟು, ಕೊನೆಗೆ ಹೂವಿಲ್ಲದ ಹೂಕುಂಡ. ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ.

“ಹ್ರಿಂಚುಕ್ ತಾತಂದು, ಮೇಡಂ.”

“ತಾತ ಎಲ್ಲಿ?”

ಪ್ರೋಸಿ ಎದುರಿನ ಡೋನಟ್ ಅಂಗಡಿಯತ್ತ ಕೈ ತೋರಿಸಿದಳು. ಗಾಜಿನ ಹಿಂದೆ ಹತ್ತು ಹನ್ನೆರಡು ಮೂಗುಗಳು ಕಾಫಿಯ ಹಬೆ ಕುಡಿಯುತ್ತಿದ್ದವು.

ವಿದ್ಯಾರ್ಥಿವೇತನದ ವರದಿ ಫಾರಮ್ಮಿನಲ್ಲಿದ್ದದ್ದು ಒಂದೇ ಪ್ರಶ್ನೆ: ಸಮುದಾಯದಲ್ಲಿ ನೀವು ತಂದ ಬದಲಾವಣೆ ಏನು? ಉತ್ತರ ಹಿಡಿಸದಿದ್ದರೆ ಮುಂದಿನ ವರ್ಷದ ವೇತನ ಖೋತಾ. ಅರ್ಧ ಡಿಗ್ರಿ ಹೊತ್ತುಕೊಂಡು ವಾಪಸ್ ಉಗಾಂಡಕ್ಕೆ, ಮಸಾಕ ಊರಲ್ಲಿರುವ ಅಮ್ಮನ ಮುಂದೆ. ಪ್ರೋಸಿ ನಾಯಕತ್ವ ಶಿಬಿರ ನಡೆಸಿದ್ದಳು. ಬಂದವರು ಇಬ್ಬರು, ಅದರಲ್ಲೊಬ್ಬ ಶೌಚಾಲಯ ಹುಡುಕಿಕೊಂಡು. ಅದನ್ನೇ ಎರಡು ಪುಟ ಉದ್ದ ಎಳೆದು ಬರೆದು ಕೊಟ್ಟಿದ್ದಳು. ಈ ಬಾಣಲೆ ಬೂಟುಗಳ ಸುದ್ದಿಯನ್ನು ಬರೆಯಲು ನಾಚಿಕೆಯಾಗಿತ್ತು.

“ಇದೇನಿದು ಪ್ರೋಸಿ, ಗುಜರಿನಾ?”

“ನಮ್ಮೂರ ನಲ್ಲಿ ಹತ್ರ ನಮ್ಮ ಬದಲು ನೀರಿನ ಕ್ಯಾನು ಕ್ಯೂ ನಿಲ್ಲುತ್ತೆ ಮೇಡಂ, ನಾವು ಮರದಡಿ ಕೂತು ಹರಟ್ತೀವಿ. ಇಲ್ಲಿ ಅಜ್ಜ ಅಜ್ಜಿಯರೇ ಒಂದೂವರೆ ಗಂಟೆ ನಿಂತು ನಡುಗ್ತಿದ್ರು. ನಾನು ಕಿವಿನೋವು ಅಂತ ಬಂದಾಗ ನೋಡಿ, ಹಿಂಗೆ ಮಾಡಿ ಅಂದೆ. ಅಷ್ಟೇ.”

ಮೇಡಂ ಕೆಮ್ಮುತ್ತಾ ಬಗ್ಗಿ ಬಾಣಲೆ ಎತ್ತಿದರು. ಅಂಗಡಿಯ ಬಾಗಿಲು ದಡಾರನೆ ತೆರೆಯಿತು. ಎಂಬತ್ತರ ಹ್ರಿಂಚುಕ್ ತಾತ ಕೈಯಲ್ಲಿ ಡೋನಟ್ ಹಿಡಿದು ರಸ್ತೆ ದಾಟಿ ಬಂದ.

“ಕೆಳಗಿಡಮ್ಮಾ ತಾಯಿ. ಅದು ನಾನು.”

“ಬಾಣಲೇನೇ ಯಾಕೆ ತಂದ್ರಿ?”

“ನನ್ನ ಹೆಂಡ್ತೀದು. ಅದು ಇಲ್ಲಿದ್ರೆ ಅವಳು ಮನೇಲಿ ಏನೂ ಕರಿಯೋ ಹಾಗಿಲ್ಲ. ನನ್ನ ಹೊಟ್ಟೆನೋವಿಗೆ ಅರ್ಧ ಔಷಧಿ ಅದೇ.” ತಾತ ಬಾಣಲೆಯನ್ನು ಕಿತ್ತುಕೊಂಡು ಬೂಟಿನ ಹಿಂದೆಯೇ ಅಳತೆ ಮಾಡಿ ಇಟ್ಟ. “ಈ ಹುಡುಗಿ ಬರೋಕೆ ಮುಂಚೆ ಹನ್ನೊಂದು ವರ್ಷ ಈ ಜನರ ಬೆನ್ನು ನೋಡಿದೀನಿ. ಮುಖ ನೋಡಿದ್ದು ಈ ತಿಂಗಳೇ. ಕೆಲವು ಬೆನ್ನೇ ಚೆನ್ನಾಗಿತ್ತು ಅನ್ನು.”

ಪ್ರೋಸಿಗೆ ನಗು ಬಂತು. ಮೇಡಂ ಮುಖ ನೋಡಿ ನುಂಗಿಕೊಂಡಳು.

“ಶಿಬಿರದ ವರದಿ ಓದಿದೆ,” ಎಂದರು ಮೇಡಂ. “ಓದ್ತಾ ಓದ್ತಾ ನಿದ್ದೆ ಬಂತು. ಶುಕ್ರವಾರದೊಳಗೆ ಇನ್ನೊಂದು ಬರ್ಕೊಡು.”

“ಏನಂತ ಬರೀಲಿ ಮೇಡಂ?”

ಉತ್ತರದ ಬದಲು ಮತ್ತೊಂದು ಕೆಮ್ಮು ಬಂತು, ಎದೆಯಾಳದಿಂದ, ಬಹಳ ಹೊತ್ತು. ಅದು ನಿಂತ ಮೇಲೆ ಮೇಡಂ ಕ್ಲಿನಿಕ್ಕಿನ ಬಾಗಿಲನ್ನು ನೋಡಿದರು, ಸಾಲನ್ನು ನೋಡಿದರು. ಬಲಗೈಯ ಕೆಂಪು ಕೈಗವಸನ್ನು ಕಳಚಿ ಹೂಕುಂಡದ ಹಿಂದೆ ಇಟ್ಟರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಬೆರಳುಗಳು ಬಾಗಿಲ ಕಡೆ ಇರುವಂತೆ ಅದನ್ನು ನೇರ ಮಾಡಿ, ಬರಿಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಾತನ ಹಿಂದೆ ರಸ್ತೆ ದಾಟಿದರು.