ಜೇನುಪೆಟ್ಟಿಗೆ ಹೊತ್ತ ಪಿಕಪ್ಪಿನ ಬಿಕ್ಕಳಿಕೆ

ನಾನೊಂದು ಪಿಕಪ್ ಗಾಡಿ. ಕಾರ್ಖಾನೆಯಲ್ಲಿ ಬಳಿದ ಬಿಳಿ ಬಣ್ಣದ ವಾಸನೆ ಇನ್ನೂ ಆರದಿದ್ದಾಗ ಯಾರೋ ಕೀಲಿ ತಿರುಗಿಸಿದರು. ಆ ಮೊದಲ ಗುಡುಗುಡು ಸದ್ದು ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎಂಟು ವರ್ಷ ಗದಗಿನ ಶಾಮಿಯಾನದವರ ಬಳಿ ದುಡಿದೆ. ಕಂಡವರ ಮದುವೆಯ ಕುರ್ಚಿ, ಕಂಬ ಹೊತ್ತು ಬೆನ್ನು ಸವೆದ ಮೇಲೆ ನೀಲವ್ವ ನನ್ನನ್ನು ಕೊಂಡಳು.

ನೀಲವ್ವ ಜೇನು ಸಾಕುವವಳು. ಸೂರ್ಯಕಾಂತಿ ಅರಳಿದಲ್ಲಿಗೆ ನಲವತ್ತು ಪೆಟ್ಟಿಗೆ ಹೇರಿಕೊಂಡು ತಾನೇ ನನ್ನನ್ನು ಓಡಿಸುತ್ತಿದ್ದಳು. ಪೆಟ್ಟಿಗೆಗಳ ಬಾಗಿಲು ಮುಚ್ಚಿ ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮೊದಲು ಹೊಲ ಸೇರಬೇಕು; ಇಲ್ಲದಿದ್ದರೆ ಹುಳುಗಳು ಒಳಗೇ ಬೇಯುತ್ತವೆ. ಮಂಜಿನ ದಾರಿಯಲ್ಲಿ ಸಾವಿರಾರು ರೆಕ್ಕೆಗಳು ಗುಂಯ್‌ಗುಡುವಾಗ, ನಾನು ಉರುಳುತ್ತಿಲ್ಲ, ಆ ಸದ್ದಿನ ಮೇಲೆ ತೇಲುತ್ತಿದ್ದೇನೆ ಅನಿಸುತ್ತಿತ್ತು.

ಒಂದು ಮುಂಜಾನೆ, ತಾಸು ಓಡಿದ ಮೇಲೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ಬಿಕ್ಕಿದೆ, ಜಗ್ಗಿದೆ, ನಿಂತೆ. ಎಷ್ಟೋ ಹೊತ್ತಿನ ಮೇಲೆ ಏನೂ ಆಗದಂತೆ ಮತ್ತೆ ಹೊರಟೆ. ದಾರಿಯಲ್ಲಿ ನಾಲ್ಕು ಸಲ ಹೀಗೇ ಆಯಿತು. ಹೊಲ ಮುಟ್ಟಿದಾಗ ಮೂರು ಪೆಟ್ಟಿಗೆಗಳಲ್ಲಿ ಸದ್ದಿರಲಿಲ್ಲ. ನೀಲವ್ವ ಸತ್ತ ಹುಳುಗಳನ್ನು ಬೊಗಸೆಯಲ್ಲಿ ಹಿಡಿದು ಬದುವಿನ ಮೇಲೆ ಕೂತುಬಿಟ್ಟಳು.

ಮೆಕ್ಯಾನಿಕ್ ಮೌಲಾಸಾಬನ ಗ್ಯಾರೇಜಿನಲ್ಲಿ ನಾನು ಸರಾಗವಾಗಿ ಓಡಿದೆ. ಬಿಕ್ಕಬೇಕೆಂದು ಎಷ್ಟು ಹಂಬಲಿಸಿದರೂ ಬಿಕ್ಕಳಿಕೆ ಬರಲಿಲ್ಲ. ನೀಲವ್ವ ಹೇಳುತ್ತಿದ್ದುದಕ್ಕೆ ಕಿವಿಗೊಡದೆ ಅವನು ಡೀಸೆಲ್ ಫಿಲ್ಟರ್ ಬದಲಿಸಿದ. ಮುಂದಿನ ವಾರ ಪೈಪು ಬದಲಿಸಿದ. ಮೂರನೇ ಸಲ ನಕ್ಕುಬಿಟ್ಟ.

“ಗಾಡಿ ಛಲೋ ಐತಿ ತಂಗಿ. ದೋಷ ನಿನ್ನ ಕಾಲಾಗ ಐತಿ. ಒಬ್ಬ ಡ್ರೈವರ್ ಇಟ್ಕೋ.”

ನೀಲವ್ವ ಕೀಲಿಯನ್ನು ಅವನ ಅಂಗೈಗೆ ಹಾಕಿದಳು. “ಹಂಗಾರ ನಾಳೆ ನೀವ ಹೊಡೀರಿ ಕಾಕಾ. ಪೆಟ್ಟಿಗಿ ಹೇರ್ಕೊಂಡು ಮುಂಡರಗಿಗೆ ಹೋಗೂದೈತಿ. ನಾ ಬಾಜೂಕ ಕುಂದರ್ತೀನಿ.”

ಮರುದಿನ ಮೌಲಾಸಾಬ್ ಸೀಟಿ ಹೊಡೆಯುತ್ತ ಓಡಿಸಿದ. ತಾಸು ಕಳೆಯಿತು. ಅವನ ಕಾಲ ಕೆಳಗೇ ನಾನು ಬಿಕ್ಕಿ ನಿಂತೆ. ಸೀಟಿಯೂ ನಿಂತಿತು. ಮೂಡಣ ಕೆಂಪಾಗುತ್ತಿತ್ತು, ಬೆನ್ನ ಮೇಲಿನ ಗುಂಯ್‌ಕಾರ ಏರುತ್ತಿತ್ತು.

“ಹಿಂಗಾದಾಗ ನೀ ಏನ್ ಮಾಡ್ತಿದ್ದಿ?” ಮೆತ್ತಗೆ ಕೇಳಿದ.

“ಸುಮ್ನ ಕುಂದರ್ತಿದ್ನಿ. ಒಮ್ಮೆ ಡೀಸೆಲ್ ನೋಡಾಕಂತ ಮುಚ್ಚಳ ತಗದ್ನಿ, ಲಗೂನ ಚಾಲೂ ಆತು. ನಿಮಗ ಮೂರು ಸಲ ಹೇಳೇನಲ್ರೀ.”

ಅವನು ಇಳಿದು ಟ್ಯಾಂಕಿನ ಮುಚ್ಚಳ ತಿರುವಿದ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿಗೆ ಗಾಳಿ ಬರುವ ಸಣ್ಣ ಕೊಳವೆಯನ್ನು ಬೆರಳಿನಿಂದ ಸವರುತ್ತ ಹೋದರೆ ಅದರ ತುದಿಯಲ್ಲಿ ಮಣ್ಣು! ಕುಂಬಾರ ಹುಳವೊಂದು ಅಲ್ಲಿ ಗೂಡು ಕಟ್ಟಿತ್ತು. ಒಳಗೆ ಗಾಳಿ ಹೋಗದೆ, ಡೀಸೆಲ್ ಹೊರಗೆ ಬರಲಾರದೆ ಅಷ್ಟು ದಿನ ನಾನು ಏದುಸಿರು ಬಿಟ್ಟಿದ್ದೆ. ತಂತಿ ತೂರಿಸಿ ಅದನ್ನು ತೆಗೆದು, ಮೌಲಾಸಾಬ್ ಕೀಲಿಯನ್ನು ಎರಡೂ ಕೈಯಲ್ಲಿ ನೀಲವ್ವನಿಗೆ ಕೊಟ್ಟ.

“ತಪ್ಪಾತವ್ವಾ. ಬರೇ ಗಾಡಿ ಮಾತ ಕೇಳಿದ್ನಿ, ನಿನ್ನ ಮಾತ ಕೇಳಲಿಲ್ಲ.”

ಅವಳೇ ಓಡಿಸಿದಳು. ಹೊಲ ಸೇರಿದಾಗ ಒಂದೊಂದು ಪೆಟ್ಟಿಗೆಯೂ ಹಾಡುತ್ತಿತ್ತು.

ಆಮೇಲೆ ಒಂಬತ್ತು ಹಂಗಾಮು ಅವಳ ಜೊತೆ ತೇಲಿದೆ. ಈಗ ಎಂಜಿನ್ ಬಿಚ್ಚಿದ್ದಾರೆ. ಚಕ್ರಗಳಿಲ್ಲದೆ ಮೌಲಾಸಾಬನ ಗ್ಯಾರೇಜಿನ ಹಿತ್ತಿಲಲ್ಲಿ, ಬೇವಿನ ನೆರಳಲ್ಲಿ ಅರೆನಿದ್ದೆಯಲ್ಲಿದ್ದೇನೆ. ನನ್ನ ನೋವು ಹೇಳಲು ನನಗೆ ಬಾಯಿರಲಿಲ್ಲ, ಬಾಯಿದ್ದವಳನ್ನು ಯಾರೂ ನಂಬಲಿಲ್ಲ ಎಂಬುದು ಕನಸಿನಲ್ಲೂ ಒಮ್ಮೊಮ್ಮೆ ಚುಚ್ಚುತ್ತದೆ. ಆದರೆ ಈಗ ಯಾರು ಗಾಡಿ ತಂದರೂ ಮೌಲಾಸಾಬ್ ಮೊದಲೇ ಬಾನೆಟ್ ಎತ್ತುವುದಿಲ್ಲ. ಬಂದವರನ್ನು ನನ್ನ ಹಿಂಬದಿಯ ಹಲಗೆಯ ಮೇಲೆ ಕೂರಿಸಿ, ಚಹಾ ತರಿಸಿ, ತಾನೂ ಪಕ್ಕದಲ್ಲಿ ಕೂರುತ್ತಾನೆ.

“ಅವಸರಿಲ್ಲ,” ಅನ್ನುತ್ತಾನೆ. “ಏನಾತು, ಮೊದ್ಲಿಂದ ಹೇಳ್ರಿ.”